ನೇಜಿ ನೆಟ್ಟವರ ಲೆಕ್ಕ ಎಲ್ಲಿದೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹೊಲಗಳಲ್ಲಿ ದುಡಿದ ‘ಮಹಿಳಾ ಭೂಸೇನೆ’ಯ ಸೇವಾ ಕಡತಗಳು ಇಂದು ಉಳಿದಿಲ್ಲ. ಉಳಿದಿರುವುದು ಹೆಸರಿನ ಚೀಟಿಗಳು ಮಾತ್ರ. ಮೊಮ್ಮಕ್ಕಳು ಅವುಗಳಿಂದಲೇ ಅಜ್ಜಿಯರ ದುಡಿಮೆಯ ಜಾಡು ಹಿಡಿಯುತ್ತಾರೆ. ಅದೇ ವರ್ಷಗಳಲ್ಲಿ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಗದ್ದೆಗಳಲ್ಲಿ ಬೆನ್ನು ಬಾಗಿಸಿದವರಿಗೆ ಅಂತಹ ಚೀಟಿಯೂ ಇಲ್ಲ.

1942ರ ಮಾರ್ಚಿಯಲ್ಲಿ ರಂಗೂನು ಜಪಾನಿನ ವಶವಾಗಿ ಬರ್ಮಾದ ಅಕ್ಕಿ ಬರುವುದು ನಿಂತಿತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂದು ಸರಕಾರ ಸಾರಿತು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಏಣಿಲು, ಸುಗ್ಗಿ, ಕೊಳಕೆ ಯಾವ ಬೆಳೆಯೇ ಇರಲಿ, ಉಳುಮೆ ಗಂಡಸರದು. ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು, ಭತ್ತ ಕುಟ್ಟುವುದು ಬಹುಪಾಲು ಹೆಂಗಸರದು. ಕಂದಾಯದ ಪುಸ್ತಕಕ್ಕೆ ಬೇಕಾದುದು ಪಟ್ಟಾದಾರನ ಹೆಸರು. 1941ರ ಜನಗಣತಿಯ ಕೋಷ್ಟಕಗಳನ್ನು ಯುದ್ಧದ ನಿಮಿತ್ತ ಮೊಟಕುಗೊಳಿಸಿದರು. 1974ರ ಬಳಿಕ ಭೂನ್ಯಾಯ ಮಂಡಳಿಗಳು ಕೇಳಿದ್ದು ಗೇಣಿಯ ಪ್ರಶ್ನೆಯನ್ನು, ಕೂಲಿಯದನ್ನಲ್ಲ. ಹೆಣ್ಣಿನ ಮೂಲಕ ವಂಶವನ್ನೆಣಿಸಿದ ಅಳಿಯಸಂತಾನದ ನಾಡಿನಲ್ಲಿ ಹೀಗಾದುದು ವಿಚಿತ್ರವೆನ್ನಬೇಕು.

ಹಾಗಾದರೆ ಹುಡುಕಬೇಕಾದುದು ಎಲ್ಲಿ? ಬೀಡು-ಗುತ್ತುಗಳ ಅಟ್ಟಗಳಲ್ಲಿ, ಬಸದಿಗಳ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ಲೆಕ್ಕದ ಪುಸ್ತಕಗಳಲ್ಲಿ. ಆಳೆಷ್ಟು, ಅಳೆದುಕೊಟ್ಟ ಭತ್ತವೆಷ್ಟು ಎಂಬ ಒಂದು ಸಾಲು ಸಿಕ್ಕಿದರೂ ಅದೇ ಅವರ ಸೇವಾ ದಾಖಲೆ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಮೂಡಬಿದಿರೆ ಶತಮಾನಗಳ ಕಾಲ ಕಾಯ್ದುದು ಸರ್ವವಿದಿತ. ಧವಲಾ ಟೀಕೆಯ ಮೊದಲ ಸಂಪುಟ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾದುದು, ಯುದ್ಧ ಆರಂಭವಾದ 1939ರಲ್ಲೇ. ಅಕ್ಷರವನ್ನು ಕಾಯುವ ಶ್ರದ್ಧೆ ನಮಗೆ ಹೊಸತಲ್ಲ. ಕೂಲಿಯ ಲೆಕ್ಕವನ್ನು ಕಾಯತಕ್ಕ ಅಕ್ಷರವೆಂದು ನಾವು ಬಗೆಯಲಿಲ್ಲ, ಅಷ್ಟೆ.

ಇದರಲ್ಲಿ ನಮ್ಮ ಸಂಕೋಚವೂ ಸೇರಿರಬಹುದು. ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಗೇಣಿಯನ್ನು ಅಳೆದುಕೊಂಡ ಸೇರು, ಕೂಲಿಯನ್ನು ಅಳೆದುಕೊಟ್ಟ ಸೇರು ಎರಡೂ ಒಂದೇ ಆಗಿತ್ತೇ? ಉತ್ತರ ಕಹಿಯಾದೀತೆಂದು ಅಂಜಿ ಪುಸ್ತಕವನ್ನು ಮುಚ್ಚಿಡುವುದು ಶ್ರಾವಕರಿಗೆ ಒಪ್ಪುವ ನಡತೆಯಲ್ಲ. ಒಂದೇ ಆಗಿತ್ತೆಂದು ತಿಳಿದುಬಂದರೆ, ಹಾಗೆ ಅಳೆದ ಮನೆಗಳಿಗೆ ಅದು ಕೀರ್ತಿಯೇ ಸರಿ.

ಜೀರ್ಣೋದ್ಧಾರದ ಸಮಯದಲ್ಲಿ ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವ ಮುನ್ನ, ಬಸದಿಗಳ ಆಡಳಿತ ಮಂಡಳಿಗಳು 1939ರಿಂದ 1945ರವರೆಗಿನ ಪುಟಗಳನ್ನಾದರೂ ಬೇರ್ಪಡಿಸಿ ಇಡಲಿ. ಪಾಡ್ದನ ಹೇಳುತ್ತ ನೇಜಿ ನೆಟ್ಟ, ತೊಂಬತ್ತು ದಾಟಿದ ಅಜ್ಜಿಯರು ಊರಿನಲ್ಲಿದ್ದರೆ, ಯಾವ ಗದ್ದೆಗೆ ಇಳಿದಿರಿ, ಜೊತೆಯಲ್ಲಿ ಯಾರಿದ್ದರು, ಸಂಜೆಗೆ ಎಷ್ಟು ಸೇರು ಸಿಕ್ಕಿತು ಎಂದು ಕೇಳಿ, ಅವರ ಹೆಸರಿನೊಡನೆ ಬರೆದಿಡಬೇಕು. ಆ ಕೆಲಸ ಮುಂದಿನ ಏಣಿಲಿನವರೆಗೆ ಕಾಯುವಂತಹದಲ್ಲ.