ಅಲೋಹಾ: ದ್ವೀಪವಾಸಿಗಳ ಆಕಾಶ ಬಸ್ಸು

ಶಾಂತಸಾಗರದ ಹವಾಯಿಯಲ್ಲಿ ಪಕ್ಕದ ದ್ವೀಪದ ಬಂಧುವಿನ ಮದುವೆಗೆ ಹೋಗಬೇಕೆಂದರೂ ಕಡಲು ದಾಟಬೇಕು. ದೊಡ್ಡ ಆಸ್ಪತ್ರೆ, ಸರ್ಕಾರಿ ಕಚೇರಿಗಳೆಲ್ಲ ಇರುವುದು ಹೊನೊಲುಲುವಿನಲ್ಲಿ. ಹೀಗಾಗಿ ಉಳಿದ ದ್ವೀಪಗಳ ಜನಕ್ಕೆ ವಿಮಾನ ಭೋಗದ ವಸ್ತುವಲ್ಲ. ಅದೇ ಅವರ ಬಸ್ಸು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಬಸ್ಸು ಓಡಿಸಿ, 2008ರಲ್ಲಿ ಕಣ್ಮರೆಯಾದ ಸಂಸ್ಥೆ ಅಲೋಹಾ ಏರ್‌ಲೈನ್ಸ್.

ಹವಾಯಿಯ ದ್ವೀಪಗಳ ನಡುವೆ ವಿಮಾನ ಸೇವೆ ಆರಂಭವಾದದ್ದು 1929ರಲ್ಲಿ, ಹಡಗು ಕಂಪನಿಯೊಂದರ ಆಶ್ರಯದಲ್ಲಿ. ಮುಂದೆ ಹವಾಯಿಯನ್ ಏರ್‌ಲೈನ್ಸ್ ಎಂದು ಹೆಸರಾದದ್ದು ಅದೇ ಸಂಸ್ಥೆ. ಅದಕ್ಕೆ ಎದುರಾಳಿಯಾಗಿ 1946ರಲ್ಲಿ ಚೀನೀ ಮೂಲದ ಪ್ರಕಾಶಕ ರಡಿ ಟಾಂಗ್, ಯುದ್ಧ ಮುಗಿದ ಮೇಲೆ ಉಳಿದ ಡಿಸಿ-3 ವಿಮಾನದೊಂದಿಗೆ ಟ್ರಾನ್ಸ್-ಪೆಸಿಫಿಕ್ ಏರ್‌ಲೈನ್ಸ್ ಕಟ್ಟಿದರು. ಏಷ್ಯಾ ಮೂಲದವರಿಗೂ ಉದ್ಯೋಗದಲ್ಲಿ ಸಮಾನ ಅವಕಾಶ ಸಿಗಬೇಕೆಂಬ ಹಂಬಲ ಅದರ ಹಿಂದಿತ್ತು. 1949ರಲ್ಲಿ ನಿಗದಿತ ವೇಳೆಯ ಹಾರಾಟಕ್ಕೆ ಪರವಾನಗಿ ದೊರೆಯಿತು. 1958ರಲ್ಲಿ ಸಂಸ್ಥೆ ಅಲೋಹಾ ಎಂಬ ಹೆಸರು ತಳೆಯಿತು. ಆ ಪದಕ್ಕೆ ಪ್ರೀತಿ ಎಂಬ ಅರ್ಥವೂ ಉಂಟು, ನಮಸ್ಕಾರ ಎಂಬ ಅರ್ಥವೂ ಉಂಟು. 1969ರಲ್ಲಿ ಬೋಯಿಂಗ್ 737 ಬಂತು.

ಸಂಸ್ಥೆಗೆ ಅನ್ನ ಕೊಟ್ಟ ಗಿಡ್ಡ ಹಾರಾಟವೇ ಅದರ ಕಷ್ಟಕ್ಕೂ ಮೂಲ. ಪ್ರತಿ ಹಾರಾಟದಲ್ಲೂ ವಿಮಾನದೊಳಗಿನ ಗಾಳಿಯ ಒತ್ತಡಕ್ಕೆ ಅದರ ಒಡಲು ಹಿಗ್ಗಿ ಮತ್ತೆ ಕುಗ್ಗುತ್ತದೆ. ಅರ್ಧ ಗಂಟೆಗೊಮ್ಮೆ ಏರಿಳಿಯುವ ವಿಮಾನದಲ್ಲಿ ಲೋಹ ಬೇಗ ದಣಿಯುತ್ತದೆ. ಜೊತೆಗೆ ಕಡಲ ಉಪ್ಪುಗಾಳಿ. 1988ರ ಏಪ್ರಿಲ್ 28ರಂದು ಹಿಲೋದಿಂದ ಹೊನೊಲುಲುವಿಗೆ ಹೊರಟ 737 ವಿಮಾನದ ಮುಂಭಾಗದ ಛಾವಣಿ 24 ಸಾವಿರ ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಯ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಚಾಲಕರು ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿ ಉಳಿದ 94 ಮಂದಿಯನ್ನು ಉಳಿಸಿದರು. 19 ವರ್ಷ ಹಳೆಯದಾದ ಆ ವಿಮಾನ ಅದಾಗಲೇ 89 ಸಾವಿರಕ್ಕೂ ಹೆಚ್ಚು ಬಾರಿ ಹಾರಿತ್ತು. ನಿರ್ವಹಣೆಯ ಲೋಪದಿಂದ ಬಿರುಕುಗಳು ಕಣ್ಣಿಗೆ ಬೀಳಲಿಲ್ಲವೆಂದು ತನಿಖೆ ಹೇಳಿತು. ಹಳೆಯ ವಿಮಾನಗಳ ತಪಾಸಣೆಗೆ ಅಮೆರಿಕ 1991ರಲ್ಲಿ ಕಾನೂನು ಮಾಡಿತು.

ಅಲೋಹಾ ಆ ಪೆಟ್ಟಿನಿಂದ ಚೇತರಿಸಿಕೊಂಡಿತು. ಲೆಕ್ಕದ ಪುಸ್ತಕದ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 2001ರ ಭಯೋತ್ಪಾದಕ ದಾಳಿಯ ನಂತರ ಪ್ರವಾಸಿಗರು ಕಡಿಮೆಯಾದರು. ಹವಾಯಿಯನ್ ಜೊತೆ ವಿಲೀನವಾಗುವ ಮಾತುಕತೆ 2002ರಲ್ಲಿ ಮುರಿದುಬಿತ್ತು. 2004ರ ಕೊನೆಯಲ್ಲಿ ಸಂಸ್ಥೆ ದಿವಾಳಿ ರಕ್ಷಣೆಗೆ ಮೊರೆಹೋಗಿ, 2006ರಲ್ಲಿ ಹೊರಬಂತು. ಅದೇ ವರ್ಷ ಅಮೆರಿಕದ ಮುಖ್ಯಭೂಮಿಯ ಮೆಸಾ ಸಂಸ್ಥೆ 'ಗೋ!' ಹೆಸರಿನಲ್ಲಿ 39 ಡಾಲರಿನ ಟಿಕೆಟ್ ಹಿಡಿದು ಬಂತು. ದರಸಮರ ಶುರುವಾಯಿತು. ಇಂಧನದ ಬೆಲೆಯೂ ಏರತೊಡಗಿತು. ಇಂಧನ ಹೆಚ್ಚು ಉರಿಯುವುದು ಮೇಲೇರುವಾಗ. ಗಿಡ್ಡ ಹಾರಾಟದಲ್ಲಿ ಏರುವುದೇ ಪ್ರಯಾಣದ ದೊಡ್ಡ ಪಾಲು.

2008ರ ಮಾರ್ಚ್ 31ರಂದು ಅಲೋಹಾದ ಕೊನೆಯ ಪ್ರಯಾಣಿಕ ವಿಮಾನಗಳು ಹಾರಿದವು. ಸುಮಾರು 1,900 ಮಂದಿ ಕೆಲಸ ಕಳೆದುಕೊಂಡರು. ಸರಕು ವಿಭಾಗ ಮಾತ್ರ ಬೇರೆಯವರ ಕೈಸೇರಿ ಉಳಿಯಿತು. ಅಗ್ಗದ ಟಿಕೆಟ್ ಕೊಟ್ಟ 'ಗೋ!' ಕೂಡ 2014ರಲ್ಲಿ ಗಂಟುಮೂಟೆ ಕಟ್ಟಿತು. ಹತ್ತಿದವರಿಗೆ ಆ ಅಗ್ಗದ ದರ ಕೆಲವು ವರ್ಷದ ಲಾಭ. ತಾವೇ ಕಟ್ಟಿ ಬೆಳೆಸಿದ ಸಂಸ್ಥೆ ಮಾತ್ರ ದ್ವೀಪವಾಸಿಗಳಿಗೆ ಮರಳಿ ಸಿಗಲಿಲ್ಲ.