ಹಳೆಯ ಮಾರುತಿಯ ಜೀರ್ಣೋದ್ಧಾರ: ವಿಜಾಪುರ ರಸ್ತೆಯ ಗ್ಯಾರೇಜು, ಗುಜರಿ ಮಾಲು ಮತ್ತು 'ಅಸಲು' ಎಂಬ ಪ್ರಶ್ನೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಪರಿಷ್ಕೃತ ಬರಹ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನಾನು ಇವತ್ತು ಮಾತಾಡೋದು ಒಂದು ಕಾರಿನ ಬಗ್ಗೆ. ಇತಿಹಾಸದ ಗೋಷ್ಠಿಯಲ್ಲಿ ಕಾರು ಯಾಕೆ ಅಂತ ಕೇಳಬಹುದು. ನಮ್ಮ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ದೇವಾಲಯಕ್ಕೆ ಭೂಮಿ ದತ್ತಿ ಬಿಡುವಾಗ ನೈವೇದ್ಯ, ನಂದಾದೀಪಗಳ ಜೊತೆಗೆ ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸಲಿಕ್ಕೂ ಪಾಲು ಇಡುತ್ತಿದ್ದರು. ಕಟ್ಟುವ ದಿನವೇ ದುರಸ್ತಿಯ ಲೆಕ್ಕ ಹಾಕುತ್ತಿದ್ದರು ಅಂತಾಯ್ತು. ಯಂತ್ರಗಳ ಇತಿಹಾಸ ಬರೆಯುವಾಗ ಮಾತ್ರ ನಾವು ಕಟ್ಟಿದ ದಿನವನ್ನು ಬರೆದು ನಿಲ್ಲಿಸುತ್ತೇವೆ. ಡೇವಿಡ್ ಎಡ್ಜರ್ಟನ್ 2006ರ ತಮ್ಮ ಪುಸ್ತಕದಲ್ಲಿ ಎತ್ತಿದ ತಕರಾರೂ ಇದೇ: ತಂತ್ರಜ್ಞಾನದ ಇತಿಹಾಸ ಎಂದರೆ ಆವಿಷ್ಕಾರದ ಇತಿಹಾಸ ಅಂದುಕೊಂಡಿದ್ದೇವೆ, ಬಳಕೆ ಮತ್ತು ದುರಸ್ತಿಯ ಇತಿಹಾಸ ಬಿಟ್ಟುಹೋಗಿದೆ. ಅವರು ಘಾನಾ ದೇಶದ ಮೆಕ್ಯಾನಿಕ್‌ಗಳ ಉದಾಹರಣೆ ಕೊಡುತ್ತಾರೆ. ನನ್ನ ಉದಾಹರಣೆ ಸೊಲ್ಲಾಪುರದ ವಿಜಾಪುರ ರಸ್ತೆಯದು.

ನನ್ನ ವಾದ ಚಿಕ್ಕದು. ಗುಜರಿ ಮಾಲಿನಿಂದ ಎಬ್ಬಿಸಿ ನಿಲ್ಲಿಸಿದ ಹಳೆಯ ಕಾರು ತನ್ನ ತಯಾರಿಕೆಯ ವರ್ಷಕ್ಕಿಂತ ಹೆಚ್ಚಾಗಿ ತನ್ನ ದುರಸ್ತಿಗಳ ದಾಖಲೆ. ಆದರೆ ನಮ್ಮ ಕಾನೂನಿಗೆ ಓದಲು ಬರುವುದು ಅದರ ಮೇಲಿನ ಎರಡು ನಂಬರು ಮತ್ತು ಒಂದು ತಾರೀಖು ಮಾತ್ರ.

1. ಜಪಾನಿ ಕಾರು, ಆದರೆ ಇಲ್ಲೇ ಹುಟ್ಟಿದ್ದು

ಶ್ರೀಲಂಕಾ, ಪಾಕಿಸ್ತಾನ, ಪೂರ್ವ ಆಫ್ರಿಕಾಗಳಲ್ಲಿ 'ಹಳೆಯ ಜಪಾನಿ ಕಾರು' ಎಂದರೆ ಜಪಾನಿನಲ್ಲಿ ಓಡಿ, ಹಡಗು ಹತ್ತಿ ಬಂದ ಕಾರು. ಅಲ್ಲಿನ 'ಶಕೆನ್' ಎಂಬ ಕಟ್ಟುನಿಟ್ಟಿನ ತಪಾಸಣೆಯ ಖರ್ಚು ತಾಳದೆ ಮಾಲೀಕರು ಮಾರಿದ ಗಾಡಿಗಳು ಈ ದೇಶಗಳಿಗೆ ಬರುತ್ತವೆ. ನಮ್ಮಲ್ಲಿ ಹಾಗಿಲ್ಲ. ಬಳಸಿದ ಕಾರು ತರಿಸಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಮುಂಬೈ ಬಂದರಿನಲ್ಲೇ ಇಳಿಯಬೇಕು, ಭಾರಿ ಸುಂಕ ಕಟ್ಟಬೇಕು. ಹಾಗಾಗಿ ನಮ್ಮ ರಸ್ತೆಯ ಹಳೆಯ ಜಪಾನಿ ಕಾರು ಎಂದರೆ ಬಹುಪಾಲು ಗುರ್‌ಗಾಂವ್‌ನಲ್ಲಿ ಜೋಡಣೆಯಾದ ಸುಜುಕಿ.

ಮಾರುತಿ ಉದ್ಯೋಗ್ 1981ರ ಫೆಬ್ರವರಿಯಲ್ಲಿ ಸರ್ಕಾರಿ ಕಂಪನಿಯಾಗಿ ಹುಟ್ಟಿತು. 1982ರ ಅಕ್ಟೋಬರಿನಲ್ಲಿ ಸುಜುಕಿ ಜೊತೆ ಒಪ್ಪಂದವಾಯಿತು. ಸುಜುಕಿಯ ಪಾಲು ಆಗ ಶೇ. 26. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗಿಟ್ಟರು. ಆ ಕಾರಿನ ಒಳಹೆಸರು ಎಸ್‌ಎಸ್80. 1979ರಲ್ಲಿ ಜಪಾನಿನಲ್ಲಿ ಬಂದ ಆಲ್ಟೊ ಕಾರಿನ ದೇಹಕ್ಕೆ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಕೂರಿಸಿದ್ದು.

1986ರಲ್ಲಿ ಅದರ ಜಾಗಕ್ಕೆ ಎರಡನೇ ಪೀಳಿಗೆಯ ಆಲ್ಟೊದ ರೂಪ, ಅಂದರೆ ಎಸ್‌ಬಿ308 ಬಂತು. ನಾವೆಲ್ಲ 'ಮಾರುತಿ 800' ಎಂದಾಗ ಕಣ್ಣಮುಂದೆ ಬರುವ ಆಕಾರ ಅದೇ. ಅದು 2014ರ ಜನವರಿಯವರೆಗೂ ತಯಾರಾಯಿತು. ಎರಡೂ ಸೇರಿ 28 ಲಕ್ಷಕ್ಕೂ ಹೆಚ್ಚು ಕಾರು. ಇದರಲ್ಲಿ ಮೊದಲ ರೂಪದ ಆಯುಷ್ಯ ಮೂರೇ ವರ್ಷ, ಎರಡನೆಯದರದು ಇಪ್ಪತ್ತೆಂಟು ವರ್ಷ. ಮುಂದಿನ ಕತೆಯೆಲ್ಲ ಈ ಅಂತರದಲ್ಲಿದೆ.

2. ಎಂಜಿನ್ ಸಿಗುತ್ತದೆ, ರಬ್ಬರು ಸಿಗುವುದಿಲ್ಲ

ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೊರಟು, ಭೀಮಾ ನದಿ ದಾಟಿ, ಸುಮಾರು 100 ಕಿ.ಮೀ. ಆಚೆ ವಿಜಯಪುರ ಸೇರುವ ದಾರಿ ಇದು. ಹಿಂದೆ ರಾಷ್ಟ್ರೀಯ ಹೆದ್ದಾರಿ 13, ಈಗ 52. ಕರ್ನಾಟಕ ಸರ್ಕಾರ 2014ರ ನವೆಂಬರ್ 1ರಂದು ಊರಿನ ಹೆಸರನ್ನು ವಿಜಯಪುರ ಎಂದು ಬದಲಿಸಿತು. ಸೊಲ್ಲಾಪುರದ ರಸ್ತೆ ಮಾತ್ರ ವಿಜಾಪುರ ರಸ್ತೆಯಾಗಿಯೇ ಉಳಿದಿದೆ. ಸರ್ಕಾರಿ ಐಟಿಐ ಇರುವುದೂ ಈ ರಸ್ತೆಯಲ್ಲೇ. ಇಲ್ಲಿನ ಒಂದು ಗ್ಯಾರೇಜಿನಲ್ಲಿ 1985ರ ಒಂದು ಎಸ್‌ಎಸ್80 ಮತ್ತೆ ರಸ್ತೆಗೆ ಇಳಿಯುವುದನ್ನು ನಾನು ಸುಮಾರು ಹದಿನಾಲ್ಕು ತಿಂಗಳು ಹೋಗಿ ಬಂದು ನೋಡಿದೆ. ಮಾಲೀಕರು ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯೊಂದರ ನಿವೃತ್ತ ಮಾಸ್ತರರು. ಮಿಸ್ತ್ರಿ ಅವರ ಹಳೆಯ ವಿದ್ಯಾರ್ಥಿ. ಮಾತೆಲ್ಲ ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ, ಪಾರ್ಟುಗಳ ಹೆಸರು ಇಂಗ್ಲಿಷಿನಲ್ಲಿ.

ಮೊದಲ ದಿನ ನಾನು ಕೇಳಿದ್ದು ಎಂಜಿನ್ ಬಗ್ಗೆ. ಮಿಸ್ತ್ರಿ ನಕ್ಕು ಹೇಳಿದ: "ಎಂಜಿನ್ ದೊಡ್ಡ ಮಾತಲ್ರಿ ಸರ. ಈ ಗಾಜಿನ ಸುತ್ತಿನ ಬೀಡಿಂಗ್ ತಂದ್ ಕೊಡ್ರಿ ನೋಡೂಣು."

ಇದು ನನ್ನ ಅಧ್ಯಯನದ ದಿಕ್ಕನ್ನೇ ತೋರಿಸಿದ ಮಾತು. ಎಂಜಿನ್ ಯಾಕೆ ಸುಲಭ? 796 ಸಿಸಿಯ ಆ ಎಂಜಿನ್ ಕುಟುಂಬ ಎಸ್‌ಎಸ್80 ಜೊತೆ ಸಾಯಲಿಲ್ಲ. ಮುಂದಿನ 800ರಲ್ಲಿ ಬಂತು. 1984ರಲ್ಲಿ ಬಂದು ಆಮೇಲೆ ಓಮ್ನಿ ಎಂಬ ಹೆಸರು ಪಡೆದ ವ್ಯಾನಿನಲ್ಲಿ 2019ರವರೆಗೂ ಮುಂದುವರಿಯಿತು. ಅದಕ್ಕೇ ಪಿಸ್ಟನ್, ರಿಂಗ್, ಬೇರಿಂಗ್‌ಗೆ ಇವತ್ತಿಗೂ ಬರವಿಲ್ಲ. ಕಾರ್ಬುರೇಟರ್ ಬಂದದ್ದು ಒಡೆಯಲು ನಿಲ್ಲಿಸಿದ್ದ ಇನ್ನೊಂದು 800ರಿಂದ.

ಹಿಂದಿನ ಸಸ್ಪೆನ್ಷನ್ ಕತೆಯೂ ಕೇಳುವಂಥದ್ದು. ಎಸ್‌ಎಸ್80ಗೆ ಹಿಂದೆ ಇದ್ದದ್ದು ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ನಂತರದ 800ಗೆ ಸುರುಳಿ ಸ್ಪ್ರಿಂಗ್. ಹಾಗಾಗಿ ಹೊಸ 800ರದ್ದು ಇದಕ್ಕೆ ಕೂರುವುದಿಲ್ಲ. ಆದರೆ ಹೆದ್ದಾರಿಯಲ್ಲಿ ಲಾರಿಗಳ ಪಟ್ಟಿ ಕಾಸಿ ಬಾಗಿಸುವ ಅಂಗಡಿಗಳಿಗೆ ಬರವೇ? ಲಾರಿಯ ಪಟ್ಟಿ ಬಡಿಯುವವನೇ ಈ ಪುಟ್ಟ ಕಾರಿನ ಪಟ್ಟಿಯನ್ನೂ ಬಾಗಿಸಿ ಕೊಟ್ಟ. ಹಳೆಯ ತಂತ್ರವಾದದ್ದರಿಂದಲೇ ಅದು ಊರ ಕೈಗೆ ದಕ್ಕಿತು.

ದಕ್ಕದೇ ಹೋದದ್ದು ಗಾಜು, ರಬ್ಬರು, ಪ್ಲಾಸ್ಟಿಕ್ಕು. ಕಬ್ಬಿಣವನ್ನು ಬಡಿಯಬಹುದು, ಬೆಸೆಯಬಹುದು. ತುಕ್ಕು ತಿಂದ ತಳದ ಪತ್ರಾ ಕತ್ತರಿಸಿ ಹೊಸದು ಹಾಕಬಹುದು. ಅಚ್ಚಿನಲ್ಲಿ ಎರೆದ ಹಿಂದೀಪದ ಕೆಂಪು ಮುಚ್ಚಳವನ್ನು ಸುತ್ತಿಗೆಯಿಂದ ಮಾಡಲು ಬರುವುದಿಲ್ಲ. ಅಚ್ಚು ನಿಂತ ದಿನವೇ ಅದರ ಪೂರೈಕೆಯೂ ನಿಂತಿತು. ಕಡೆಗೆ ಹಿಂದೀಪ ಸಿಕ್ಕಿದ್ದು ವಿಜಯಪುರದ ಒಂದು ಗುಜರಿಯಲ್ಲಿ, ಜಾಲಿ ಬೆಳೆದುಕೊಂಡಿದ್ದ ಗಾಡಿಯಿಂದ. ಮುಂದಿನ ಗಾಜು ಪುಣೆಯಿಂದ ಬಂತು, ಬಸ್ಸಿನಲ್ಲಿ, ಗಾದಿ ಸುತ್ತಿಕೊಂಡು.

3. ಯೆನ್ ಏರಿದ್ದು, ಪಾರ್ಟು ಬದಲಾದದ್ದು

ಈ ಕೊರತೆಗೆ ಒಂದು ಅರ್ಥಶಾಸ್ತ್ರವೂ ಇದೆ. ಆರಂಭದ ವರ್ಷಗಳ ಕಾರುಗಳಲ್ಲಿ ಬಹುಪಾಲು ಬಿಡಿಭಾಗ ಜಪಾನಿನಿಂದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಹಂತ ಹಂತವಾಗಿ ಇಲ್ಲೇ ತಯಾರಿಸಬೇಕು ಎಂಬುದು ಸರ್ಕಾರದ ಷರತ್ತು. ಅಷ್ಟರಲ್ಲಿ 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಒಪ್ಪಂದವಾಯಿತು. ಆಗ ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ ಮುಂದಿನ ಎರಡು ವರ್ಷದೊಳಗೆ 150ರ ಕೆಳಗೆ ಬಂತು, ಅಂದರೆ ಜಪಾನಿ ಮಾಲು ವಿಪರೀತ ತುಟ್ಟಿಯಾಯಿತು. ಇಲ್ಲೇ ತಯಾರಿಸುವ ಅವಸರ ಹೆಚ್ಚಿತು. ಗಾಜು, ಸೀಟು, ಸ್ಟಿಯರಿಂಗ್ ತಯಾರಿಸುವ ಜಂಟಿ ಕಂಪನಿಗಳು ಬೆಳೆದದ್ದು ಈ ಕಾಲದಲ್ಲೇ. ಆದರೆ ಅವು ಲಕ್ಷಗಟ್ಟಲೆ ತಯಾರಿಸಿದ್ದು 1986ರ ನಂತರದ ರೂಪಕ್ಕೆ. ಮೊದಲ ರೂಪ ದೇಶೀಕರಣದ ಬಸ್ಸು ತಪ್ಪಿಸಿಕೊಂಡ ಕಾರು.

ಅದೇ ದಶಕದ ಜಪಾನಿ ಲಘು ಲಾರಿಗಳನ್ನು ಹೋಲಿಸಿ ನೋಡಿ: ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ. ಕಡೆಯ ಎರಡು ಮಾಲೀಕತ್ವ ಬದಲಾಗಿಯೂ ಗಟ್ಟಿಯಾಗಿ ನಿಂತವು. ಮೊದಲನೆಯದು 1990ರ ದಶಕದಲ್ಲಿ ಡೇವೂ ಕೈಗೆ ಹೋಯಿತು, ಎರಡನೆಯದು ಮಹೀಂದ್ರಾದಲ್ಲಿ ಕರಗಿತು. ಯಾವ ಹಳೆಯ ಗಾಡಿ ಬದುಕುತ್ತದೆ ಎಂಬುದನ್ನು ಅದರ ಗಟ್ಟಿತನವೊಂದೇ ತೀರ್ಮಾನಿಸುವುದಿಲ್ಲ. ಅದರ ಬಳಗದ ಗಾಡಿಗಳು ಎಷ್ಟು ಕಾಲ, ಎಷ್ಟು ಸಂಖ್ಯೆಯಲ್ಲಿ ಸಾಯುತ್ತಾ ಇರುತ್ತವೆ ಎಂಬುದೂ ತೀರ್ಮಾನಿಸುತ್ತದೆ. ಒಂದು ಸತ್ತರೇ ಇನ್ನೊಂದಕ್ಕೆ ಪಾರ್ಟು.

ಈ ಮಾಲಿಗೆ ನಮ್ಮ ಕಡೆ ಮೂರು ಹೆಸರು. ಸೊಲ್ಲಾಪುರದಲ್ಲಿ ಭಂಗಾರ, ಹುಬ್ಬಳ್ಳಿ ಕಡೆ ಮೋಡಕಾ, ಬೆಂಗಳೂರಿನತ್ತ ಗುಜರಿ. ಮುಂಬೈನ ಕುರ್ಲಾ, ಪುಣೆಯ ಜುನಾ ಬಜಾರ್, ಬೆಂಗಳೂರಿನ ಶಿವಾಜಿನಗರ, ಈ ಜಾಲದ ದೊಡ್ಡ ಗಂಟುಗಳು. ಗಡಿಯ ವಾದ 1956ರಿಂದ ನಡೆದಿದೆ. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲಿದೆ. ಹಿಂದೀಪ ಮಾತ್ರ ಯಾವ ಆಯೋಗವನ್ನೂ ಕೇಳದೆ ಭೀಮಾ ದಾಟಿ ಬಂತು.

4. ನಂಬರಿನ ಜಗಳ

ನಡುವೆ ಒಂದು ಬಿಕ್ಕಟ್ಟು ಬಂತು. ಎಂಜಿನ್ ಬಿಚ್ಚಿದಾಗ ಸಿಲಿಂಡರ್‌ಗಳು ತೀರಾ ಸವೆದಿದ್ದವು. ಮಿಸ್ತ್ರಿಯ ಸಲಹೆ ಸರಳ: ಗುಜರಿಯಲ್ಲಿ ಒಳ್ಳೆಯ ಬ್ಲಾಕ್ ಇದೆ, ಎರಡು ದಿನದ ಕೆಲಸ. ಮಾಸ್ತರರು ಒಪ್ಪಲಿಲ್ಲ. "ನೀ ಏನರ ಮಾಡಪ್ಪಾ, ನಂಬರ್ ಹೋಗಬಾರದು."

ಅವರ ಹಟಕ್ಕೆ ಕಾರಣ ಭಾವುಕತೆ ಅಲ್ಲ. ಎಂಜಿನ್ ನಂಬರು ಇರುವುದು ಆ ಬ್ಲಾಕಿನ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಾಗಬೇಕು. ಗುಜರಿಯ ಬ್ಲಾಕಿಗೆ ಚೀಟಿ ಇಲ್ಲದಿದ್ದರೆ ಅದು ಯಾರ ಗಾಡಿಯದು, ಕದ್ದದ್ದೋ ಎಂಬ ಪ್ರಶ್ನೆ ಹುಟ್ಟುತ್ತದೆ. ಕಾನೂನಿನ ಎಚ್ಚರಕ್ಕೂ ಅರ್ಥವಿದೆ.

ಕಡೆಗೆ ಬ್ಲಾಕು ಲೇಥ್ ಅಂಗಡಿಗೆ ಹೋಯಿತು. ಸವೆದ ಸಿಲಿಂಡರ್ ಕೊರೆದು ಒಳಗೆ ಹೊಸ ಸ್ಲೀವ್ ತೊಡಿಸಿದರು. ಅದೇ ಅಂಗಡಿಯಲ್ಲಿ ಪವರ್‌ಲೂಮ್‌ನ ಶಾಫ್ಟು, ಕಬ್ಬಿನ ಗಾಣದ ರೋಲರು ಸಾಲಾಗಿ ಬಿದ್ದಿದ್ದವು. 1877ರಲ್ಲಿ 'ಜುನಿ ಮಿಲ್' ಆರಂಭವಾದಂದಿನಿಂದ ಯಂತ್ರ ಸವೆಯುವುದನ್ನು ಕಂಡ ಊರು ಇದು. ಮಿಲ್ಲುಗಳು ಮುಚ್ಚಿದವು, ಸವೆದದ್ದಕ್ಕೆ ತೋಳು ತೊಡಿಸುವ ಕೈಗಳು ಉಳಿದವು.

ಈಗ ಹೇಳಿ, ಈ ಕಾರಿನಲ್ಲಿ ಅಸಲು ಯಾವುದು? ಬ್ಲಾಕು 1985ರದ್ದು, ಒಳಗಿನ ಸ್ಲೀವ್ ಈಗಿನದು. ಕಾರ್ಬುರೇಟರ್ ಇನ್ನೊಂದು ಗಾಡಿಯದು, ಹಿಂದೀಪ ಮತ್ತೊಂದರದು, ತಳದ ಪತ್ರಾ ಹೊಸದು. ಕಾಗದದ ಮಟ್ಟಿಗೆ ಅದು ಪೂರ್ತಿ ಅಸಲು, ಏಕೆಂದರೆ ಚಾಸಿ ನಂಬರು, ಎಂಜಿನ್ ನಂಬರು ಎರಡೂ ಹೊಂದುತ್ತವೆ.

5. ಹದಿನೈದಕ್ಕೂ ಐವತ್ತಕ್ಕೂ ನಡುವೆ

ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್ 1ರಿಂದ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಗುಜರಿ ನೀತಿಯಡಿ ನೋಂದಾಯಿತ ಕೇಂದ್ರದಲ್ಲಿ ಗಾಡಿ ಒಪ್ಪಿಸಿದರೆ ಪ್ರಮಾಣಪತ್ರ ಸಿಗುತ್ತದೆ, ಹೊಸ ಗಾಡಿ ಕೊಳ್ಳುವಾಗ ಅದಕ್ಕೆ ಬೆಲೆಯಿದೆ. 2021ರಲ್ಲಿ ವಿಂಟೇಜ್ ವಾಹನಗಳಿಗೂ ನಿಯಮ ಬಂತು, ಬೇರೆ ನಂಬರ್ ಸರಣಿ ಸಹಿತ. ಅದಕ್ಕೆ ಗಾಡಿಗೆ 50 ವರ್ಷ ಮೀರಿರಬೇಕು.

ನಮ್ಮ 1985ರ ಕಾರು ಆ ಗೆರೆ ಮುಟ್ಟುವುದು 2035ರಲ್ಲಿ. ಅಲ್ಲಿಯವರೆಗೆ ಅದು ಪರಂಪರೆಯೂ ಅಲ್ಲ, ಹೊಸದೂ ಅಲ್ಲ. ನಡುವಿನ 35 ವರ್ಷ ಅದನ್ನು ಬದುಕಿಸುವ ಹೊಣೆ ಪೂರ್ತಿ ಮಿಸ್ತ್ರಿಗಳದು. ಶಾಸನ ಬರೆಸಿದವರು ಇಟ್ಟಿದ್ದ ಜೀರ್ಣೋದ್ಧಾರದ ಪಾಲು ಇಲ್ಲಿಲ್ಲ.

ಹರ್‌ಪಾಲ್ ಸಿಂಗ್ ಅವರ ಮೊದಲ ಕಾರನ್ನು, ಅಂದರೆ ಡಿಐಎ 6479 ಅನ್ನು ಕಂಪನಿಯೇ ದುರಸ್ತಿ ಮಾಡಿಸಿ ತನ್ನ ಪ್ರಧಾನ ಕಚೇರಿಯಲ್ಲಿ ಇಟ್ಟಿದೆ. ಅವರು 2010ರಲ್ಲಿ ತೀರಿಹೋಗುವವರೆಗೂ ಅದು ಅವರ ಬಳಿಯೇ ಇತ್ತು. 15 ವರ್ಷ ಮೀರಿದ ಪೆಟ್ರೋಲ್ ಗಾಡಿ ದೆಹಲಿಯ ರಸ್ತೆಯಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಆ ಕಾರು ಉಳಿದಿದೆ, ಪ್ರದರ್ಶನದ ವಸ್ತುವಾಗಿ. ಮಾಸ್ತರರ ಕಾರು ಉಳಿದಿರುವುದು ಬಳಕೆಯಲ್ಲಿ. ಇತಿಹಾಸಕ್ಕೆ ಎರಡೂ ಬೇಕು. ಆದರೆ ದುರಸ್ತಿಯ ವಿದ್ಯೆ ಉಳಿಯುವುದು ಎರಡನೆಯ ಬಗೆಯಲ್ಲಿ ಮಾತ್ರ.

ಚರ್ಚೆಯಿಂದ

*ಪ್ರಶ್ನೆ:* ಹಳೆಯ ಕಾರು ಹೊಗೆ ಉಗುಳುತ್ತದೆ. ಅದನ್ನು ಉಳಿಸಬೇಕು ಅನ್ನೋದು ಬರೀ ಹಳಹಳಿಕೆ ಅಲ್ಲವಾ?

*ಉತ್ತರ:* ಹೊಗೆಯ ಮಾತು ನಿಜ. ಮಹಾನಗರಗಳ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದೇ 1995ರಲ್ಲಿ, ಈ ಕಾರಿಗೆ ಅದು ಇಲ್ಲವೇ ಇಲ್ಲ. ಎಲ್ಲ ಹಳೆಯ ಗಾಡಿ ಓಡಲಿ ಅಂತ ನನ್ನ ವಾದ ಅಲ್ಲ. ಹೊಗೆ ಅಳೆಯುವ ಯಂತ್ರ ನಮ್ಮ ಹತ್ತಿರ ಇದೆ. ಇರುವಾಗ ತಾರೀಖು ನೋಡಿ ಯಾಕೆ ತೀರ್ಪು ಕೊಡಬೇಕು, ಗಾಡಿಯನ್ನೇ ಪರೀಕ್ಷಿಸಿ ಅಂತ ಅಷ್ಟೇ. ತಿಂಗಳಿಗೆ ನಾಲ್ಕು ಸಲ ಅಕ್ಕಲಕೋಟೆಗೆ ಹೋಗಿಬರುವ ಕಾರನ್ನೂ ದಿನವಿಡೀ ಬಾಡಿಗೆಗೆ ಓಡುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ಸರಿಬರುವುದಿಲ್ಲ.

*ಪ್ರಶ್ನೆ:* ನಾವು ವಿದ್ಯಾರ್ಥಿಗಳು ಇಂಥದ್ದನ್ನು ದಾಖಲಿಸುವುದು ಹೇಗೆ?

*ಉತ್ತರ:* ನಿಮ್ಮೂರಿನ ಗ್ಯಾರೇಜಿಗೆ ಒಂದು ನೋಟ್‌ಬುಕ್ ತಗೊಂಡು ಹೋಗಿ. ಪ್ರತಿ ಪಾರ್ಟಿಗೂ ನಾಲ್ಕು ಕಾಲಂ ಹಾಕಿ: ಯಾವ ಗಾಡಿಯಿಂದ ಬಿಚ್ಚಿದ್ದು, ಎರಕದ ಮೇಲಿನ ಗುರುತು ಏನು, ಕೂರಿಸಲು ಏನು ಬದಲಿಸಿದರು, ಆ ಕೆಲಸವನ್ನು ಅವರಿಗೆ ಕಲಿಸಿದವರು ಯಾರು. ಕಡೆಯ ಕಾಲಂ ಬಿಡಬೇಡಿ. ಗುರುವಿನ ಹೆಸರು ಕೇಳಿದರೆ ಮಿಸ್ತ್ರಿಗಳು ಕೈಲಿದ್ದ ಪಾನಾ ಕೆಳಗಿಟ್ಟು ಮಾತಾಡುತ್ತಾರೆ. ಆ ಹೆಸರುಗಳು ಸದ್ಯ ಯಾವ ಆರ್‌ಸಿಯಲ್ಲೂ ಇಲ್ಲ, ನಮ್ಮ ಪುಸ್ತಕಗಳಲ್ಲೂ ಇಲ್ಲ.