ಬೀಸೆಕಲ್ಲು ಹತ್ತಿದ ದಾರಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ‘ಬೀಸೆಕಲ್ಲು’ ನೆನಪಿದ್ದೇ ಇರುತ್ತದೆ. 1967ರಲ್ಲಿ ಅಚ್ಚಾದ ಆ ಕಾದಂಬರಿಯ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ತೀರ್ಥಹಳ್ಳಿ ಸೀಮೆಯ ಕಾಡುಗಳ ನಡುವೆ. ಅಲ್ಲಿಗೆ ಪಾದ್ರಿಯೊಬ್ಬ ಎರಡು ಚಕ್ರದ ಗಾಡಿ ತರುತ್ತಾನೆ. ಬೈಸಿಕಲ್ ಎಂಬ ಮಾತು ಹಳ್ಳಿಯವರ ಬಾಯಲ್ಲಿ ಬೀಸೆಕಲ್ಲಾಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಜೊತೆಗೇ ಒಂದು ಯೋಚನೆ ಬರುತ್ತದೆ. ಕೂತಲ್ಲೇ ಕೂತು ತಿರುಗಿಸುವ ಕಲ್ಲು ಹೆಂಗಸರ ಪಾಲಿಗೆ ಬಂತು, ತಿರುಗುತ್ತ ಊರಿಂದೂರಿಗೆ ಹೋಗುವ ಕಲ್ಲು ಗಂಡಸರ ಪಾಲಿಗೆ ಹೋಯಿತು. ಈ ಎರಡನೆಯ ಕಲ್ಲು ನಮ್ಮ ಮಲೆನಾಡಿನ ಹುಡುಗಿಯರ ಕೈಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆಗ ಸೈಕಲ್ಲು ಜಗತ್ತಿಗೇ ಹೊಸದು. ಎರಡೂ ಚಕ್ರ ಸರಿಸಮನಾಗಿ, ಚೈನಿನಿಂದ ಹಿಂದಿನ ಚಕ್ರ ತಿರುಗುವ ಈಗಿನ ರೂಪದ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದದ್ದು 1885ರಲ್ಲಿ. ಗಾಳಿ ತುಂಬಿದ ಟೈರು ಡನ್‌ಲಪ್‌ನಿಂದ 1888ರಲ್ಲಿ ಬಂತು. 1896ರ ಹೊತ್ತಿಗೆ ಅಮೆರಿಕದ ಸೂಸನ್ ಆಂಟನಿ ಎಂಬ ಹಿರಿಯ ಹೋರಾಟಗಾರ್ತಿ, ಹೆಣ್ಣಿನ ಬಿಡುಗಡೆಗೆ ಬೇರೆಲ್ಲಕ್ಕಿಂತ ಹೆಚ್ಚು ನೆರವಾದದ್ದು ಸೈಕಲ್ಲೇ ಎಂದು ಪತ್ರಿಕೆಗೆ ಹೇಳಿದ್ದರು. ಆಕೆ ಯಾವ ರಸ್ತೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಹಾಗೆಂದರೋ, ನಮ್ಮ ದಾರಿಗಳನ್ನಂತೂ ಅಲ್ಲ.

ನಮ್ಮ ದಾರಿಗಳ ಕಥೆಯೇ ಬೇರೆ. ಘಟ್ಟದ ಮೇಲಕ್ಕೆ ಉಪ್ಪು, ಕೆಳಕ್ಕೆ ಅಕ್ಕಿ, ಅಡಿಕೆ, ಮೆಣಸು. ಶತಮಾನಗಳ ಕಾಲ ಇದನ್ನೆಲ್ಲ ಹೊತ್ತದ್ದು ಹೇರೆತ್ತುಗಳು ಮತ್ತು ಮನುಷ್ಯರ ತಲೆಗಳು. ಕೆಳದಿಯ ಅರಸರ ಕಾಲದಲ್ಲಿ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಪುಟ್ಟ ಹುಡುಗರು ನೆಲಕ್ಕೆ ನಯವಾದ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಆತ ಬರೆದಿಟ್ಟಿದ್ದಾನೆ. ಕಾಡಿನ ನಡುವೆ ಅಂಥ ಶಾಲೆ ಇತ್ತೆಂದು ಓದಿದಾಗ ಮೇಷ್ಟರ ಜಾತಿಗೆ ಸೇರಿದ ನನಗೆ ಹೆಮ್ಮೆಯೇ ಆಯಿತು. ಹುಡುಗಿಯರು? ಇಕ್ಕೇರಿಯಲ್ಲಿ ಕೋಲಾಟ ಆಡುತ್ತಿದ್ದುದನ್ನು ಕಂಡನಂತೆ. ಜಗಲಿಯ ಮರಳಿನ ಹತ್ತಿರ ಅವನಿಗೆ ಯಾರೂ ಕಾಣಲಿಲ್ಲ.

ಮುಂದೆ ಬ್ರಿಟಿಷರ ಕಾಲಕ್ಕೆ ಗಾಡಿರಸ್ತೆಗಳಾದವು. ಗಾಡಿರಸ್ತೆಯ ಗುಟ್ಟು ಅದರ ಸುತ್ತಿನಲ್ಲಿದೆ. ಹೇರೆತ್ತು ಕಡಿದಾದ ಕಾಲುದಾರಿಯಲ್ಲೂ ಹತ್ತೀತು. ಭಾರದ ಗಾಡಿ ಎಳೆಯುವ ಜೋಡೆತ್ತು ಹತ್ತಬೇಕಾದರೆ ಏರು ಹದವಾಗಿರಬೇಕು. ಅದಕ್ಕೇ ನಮ್ಮ ಹಳೆಯ ರಸ್ತೆಗಳು ಗುಡ್ಡವನ್ನು ನೇರ ಹಾಯದೆ ಬಳಸಿ ಬಳಸಿ ಹೋಗುತ್ತವೆ. ಬಸ್ಸಿನಲ್ಲಿ ಕೂತು ವಾಂತಿ ಬರಿಸಿಕೊಳ್ಳುವ ನಾವು ಈ ತಿರುವುಗಳನ್ನು ಬೈಯುತ್ತೇವೆ. ಸೈಕಲ್ ತುಳಿಯುವವರಿಗೆ ಇವು ವರ. ಎತ್ತಿಗೆ ಹದವಾದ ಏರು ಕಾಲಿಗೂ ಸುಮಾರಾಗಿ ಹದವೇ. ಕಷ್ಟವಿರುವುದು ರಸ್ತೆಯಿಂದ ಮನೆಗೆ ಇಳಿಯುವ ಹಾದಿಗಳಲ್ಲಿ. ಅವನ್ನು ಯಾವ ಇಂಜಿನಿಯರೂ ಅಳೆದವನಲ್ಲ.

ಇನ್ನು ಈ ರಸ್ತೆಗಳು ಇಷ್ಟು ಕಾಲ ಸದ್ದಿಲ್ಲದೆ ಉಳಿದದ್ದಕ್ಕೆ ಹಲವು ಕಾರಣ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು 1899ರಲ್ಲೇ ಬಂತು, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳಿಗೆ ಬರಲೇ ಇಲ್ಲ. 1956ರವರೆಗೆ ಆಗುಂಬೆಯ ಮೇಲೆ ಮೈಸೂರು, ಕೆಳಗಿನ ಸೋಮೇಶ್ವರದಲ್ಲಿ ಮದ್ರಾಸು. ಒಂದೇ ಭಾಷೆಯ ಜನ ಎರಡು ಸರ್ಕಾರ. ನಡುವಿನ 14 ತಿರುವುಗಳಲ್ಲಿ ದೊಡ್ಡ ಬಸ್ಸು ಹೊರಳಲಾಗದೆ ಮಿನಿ ಬಸ್ಸುಗಳೇ ಓಡಾಡಿದವು. ಭಾರದ ಲಾರಿಗಳು ಶಿರಾಡಿ ಘಾಟಿಯನ್ನು ಹಿಡಿದವು. ಜೊತೆಗೆ ನಮ್ಮ ಮನೆಗಳಿರುವ ರೀತಿ. ಬಯಲುಸೀಮೆಯಂತೆ ಗುಂಪಾಗಿ ಇಲ್ಲಿ ಊರಿಲ್ಲ. ಒಂದು ತೋಟ, ಒಂದು ಗದ್ದೆಬಯಲು, ಒಂದು ಮನೆ, ಆಮೇಲೆ ಮೈಲಿಗಟ್ಟಲೆ ಕಾಡು.

ಹಾಗಾಗಿ ತೀರ್ಥಹಳ್ಳಿಯಿಂದ ಗಡಿಕಲ್ಲು, ಕುಪ್ಪಳಿ ದಾಟಿ ಕೊಪ್ಪಕ್ಕೆ, ಅಲ್ಲಿಂದ ಹರಿಹರಪುರದಲ್ಲಿ ತುಂಗೆಯನ್ನು ಕಂಡು ಶೃಂಗೇರಿಗೆ, ಶೃಂಗೇರಿಯಿಂದ ಕಿಗ್ಗಕ್ಕೆ, ಇಲ್ಲವೇ ಬೇಗಾರಿನ ಮೇಲೆ ಆಗುಂಬೆಗೆ ಹೋಗುವ ದಾರಿಗಳು ಸೈಕಲ್ಲಿನವರಿಗೆ ಹೇಳಿ ಮಾಡಿಸಿದಂತಿವೆ. ದೀಪಾವಳಿ ಕಳೆದ ಮೇಲೆ ಬೆಳಗಿನ ಇಬ್ಬನಿಯಲ್ಲಿ ಈ ದಾರಿಗಳನ್ನು ನೋಡಬೇಕು. ಮಳೆಗಾಲದ ಮಾತು ಬೇಡ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯಲ್ಲಿ ಬ್ರೇಕಿನ ರಬ್ಬರು ಒದ್ದೆಯಾಗಿ ಜಾರಿದರೆ ಹಿಡಿಯುವವರಿಲ್ಲ.

ನಾನು ಹೈಸ್ಕೂಲಿನಲ್ಲಿದ್ದ 1980ರ ದಶಕದಲ್ಲಿ ಪೇಟೆಯ ಸೈಕಲ್ ಶಾಪಿನಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತಿತ್ತು. ಅಣ್ಣಂದಿರು ಒಳಪೆಡಲ್ ಹೊಡೆದು ಕಲಿತರು. ಲಂಗ ಉಟ್ಟವರಿಗೆ ಅದು ಆಗುವ ಕೆಲಸವಲ್ಲ. ನಾವು ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದೆವು, ಅಷ್ಟೇ. ಮುಂದೆ 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಶೀಲಾ ರಾಣಿ ಚುಂಕತ್ ಆಗ ಅಲ್ಲಿನ ಕಲೆಕ್ಟರು. ಕಲ್ಲು ಕ್ವಾರಿಯ ಕೂಲಿಯವರು, ಅಂಗನವಾಡಿಯವರು, ಟೀಚರುಗಳು ಸಾವಿರಗಟ್ಟಲೆ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಏರಿದರು. ಅದನ್ನು ಓದಿ ನಾನು ಸಹೋದ್ಯೋಗಿಯೊಬ್ಬರಿಗೆ ಹೇಳಿದರೆ, “ಅವರದ್ದು ಬಯಲು ಮಾರಾಯ್ತಿ, ನಮ್ಮದು ಕೊರಕಲು” ಎಂದು ಚಹಾ ಕುಡಿಯಲು ಹೋದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗಿರುವಾಗ 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿತು. ಆಮೇಲೆ ಹುಡುಗರಿಗೂ ಸಿಕ್ಕಿತು. ನಮ್ಮ ಶಾಲೆಯ ಅಂಗಳಕ್ಕೆ ಸೈಕಲ್ಲುಗಳು ಬಂದ ದಿನ ಪಾಠ ನಡೆಯಲಿಲ್ಲ. ಬೆಟ್ಟದಲ್ಲಿ ಇದರಿಂದೇನು ಪ್ರಯೋಜನ, ನೂಕುವುದೇ ಆಯಿತು ಎಂದು ನಕ್ಕವರೂ ಇದ್ದರು. ಅವರು ನಕ್ಕದ್ದು ಅರ್ಧ ದಾರಿಯನ್ನು ಮಾತ್ರ ನೋಡಿ. ಮಲೆನಾಡಿನ ಮನೆ ಕಣಿವೆಯಲ್ಲಿ ತೋಟದ ಪಕ್ಕ ಇರುತ್ತದೆ, ಶಾಲೆ ಮೇಲೆ ರಸ್ತೆಬದಿಯಲ್ಲಿ. ಬೆಳಿಗ್ಗೆ ನೂಕಿ ಹತ್ತಬೇಕು ನಿಜ. ಸಂಜೆ ಹಸಿದು ಮನೆಗೆ ಹೋಗುವಾಗ ಇಳಿಜಾರು. ಬೇಸರದ ದಾರಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಅದೇ ವರ್ಷ ಎಂಟನೇ ತರಗತಿಗೆ ಸೇರಿದ್ದ ಒಬ್ಬ ಹುಡುಗಿ. ಮನೆ ಶಾಲೆಯಿಂದ ಆರು ಕಿಲೋಮೀಟರು. ಸಂಜೆಯ ಬಸ್ಸು ಹೊತ್ತು ಮುಳುಗಿದ ಮೇಲೆ. ಏಳಕ್ಕೇ ಓದು ಬಿಡಿಸುವ ಮಾತು ಮನೆಯಲ್ಲಿ ಆಗಿಹೋಗಿತ್ತು, ಸೈಕಲ್ ಸಿಗುತ್ತದೆಂದು ತಡೆದಿದ್ದರು. ಸೈಕಲ್ ಬಂದ ವಾರಕ್ಕೇ ಅವಳ ತಾಯಿ ಶಾಲೆಗೆ ಬಂದರು. “ಟೀಚರೇ, ಬಸ್ಸಲ್ಲಾದ್ರೆ ನಾಕು ಜನ ಇರ್ತಾರೆ. ಆ ದಾರೀಲಿ ಕೂಗಿದ್ರೂ ಕೇಳೋರಿಲ್ಲ. ನೀವೇ ಹೇಳಿ, ಕಳಿಸೋದು ಹ್ಯಾಂಗೆ?”

ನಾನು ಮೇಲೆ ಅಷ್ಟು ಉದ್ದಕ್ಕೆ ಹೊಗಳಿದ ಆ ಸದ್ದಿಲ್ಲದ ದಾರಿ ಇದೇ. ಹಕ್ಕಿ ಕೂಗು ಬಿಟ್ಟರೆ ಬೇರೇನೂ ಕೇಳದ ರಸ್ತೆ ಯಾತ್ರಿಕನಿಗೆ ಸೊಗಸು. ಹದಿಮೂರು ವರ್ಷದ ಮಗಳನ್ನು ಒಬ್ಬಳೇ ಕಳಿಸುವ ತಾಯಿಗೆ ಹಾಗಲ್ಲ. ಆಕೆಗೆ ಧೈರ್ಯ ಹೇಳುವುದು ಸುಲಭವಿತ್ತು. ಆದರೆ ಆಕೆಯ ಭಯ ಬರೀ ಭಯವಾಗಿರಲಿಲ್ಲ. ಕೊನೆಗೆ ನಾವಿಬ್ಬರೂ ಕೂತು ಆ ದಿಕ್ಕಿನ ಹುಡುಗಿಯರ ಪಟ್ಟಿ ಮಾಡಿದೆವು. ಅವಳ ತರಗತಿಯ ಇನ್ನಿಬ್ಬರು ಸಿಕ್ಕರು. ಮೂವರೂ ಮೋರಿಕಟ್ಟೆಯ ಹತ್ತಿರ ಒಬ್ಬರಿಗೊಬ್ಬರು ಕಾದು, ಜೊತೆಯಾಗಿಯೇ ಹೋಗಿಬರಬೇಕೆಂದು ಆಯಿತು. ಒಬ್ಬಳಿಗೆ ಜ್ವರ ಬಂದರೆ ಮೂವರೂ ಗೈರು! ಹಾಜರಿ ಪುಸ್ತಕದಲ್ಲಿ ಮೂರು ಹೆಸರ ಮುಂದೆ ಒಟ್ಟಿಗೇ ಸೊನ್ನೆ ಬೀಳುತ್ತಿತ್ತು. ನಾನು ಜೋರು ಮಾಡಲಿಲ್ಲ. ಮೂವರೂ ಎಸ್ಸೆಸ್ಸೆಲ್ಸಿ ಮುಗಿಸಿದರು. ಆ ಸೈಕಲ್ಲನ್ನು ಆಮೇಲೆ ಅವಳ ಅಪ್ಪ ಡೈರಿಗೆ ಹಾಲು ಒಯ್ಯಲು ಇಟ್ಟುಕೊಂಡರು. ಅವಳು ನರ್ಸಿಂಗ್ ಮಾಡಿ, ಈಗ ಸ್ಕೂಟಿಯಲ್ಲಿ ಡ್ಯೂಟಿಗೆ ಹೋಗುತ್ತಾಳೆ.

ಸೈಕಲ್ ಹಂಚಿಕೆ ಕೋವಿಡ್ ಬಂದ 2020ರಲ್ಲಿ ನಿಂತಿತು. ಅದೇ ವರ್ಷದ ಆರಂಭದಲ್ಲಿ, ನೌಕರರೇ ಕೂಡಿ 1991ರಲ್ಲಿ ಕಟ್ಟಿದ್ದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳೂ ನಿಂತವು. ಒಳಊರುಗಳ ಎಷ್ಟೋ ಮಕ್ಕಳು ಅದೇ ಬಸ್ಸಿನಲ್ಲಿ ಓದಿದವರು. 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ನಮ್ಮ ಕಡೆಯವರು, “ಬಸ್ಸು ಫ್ರೀ, ಸರಿ. ಬಸ್ಸೆಲ್ಲಿ?” ಎಂದು ಕೇಳಿದ್ದು ಇದಕ್ಕೇ. ನಮ್ಮಲ್ಲಿ ಓಡುತ್ತಿದ್ದವು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ರಸ್ತೆಗಳು ಇನ್ನಷ್ಟು ನಿಶ್ಶಬ್ದವಾದವು.

ಈಗ ಚಳಿಗಾಲದಲ್ಲಿ ಬೆಂಗಳೂರಿನಿಂದ ಸೈಕಲ್ಲಿನವರು ಬರುತ್ತಾರೆ. ಹೋದ ಡಿಸೆಂಬರಿನಲ್ಲಿ ಒಬ್ಬಳು ಯುವತಿ ನೀರು ಕೇಳಿಕೊಂಡು ಶಾಲೆಯ ಗೇಟಿನೊಳಗೆ ಬಂದಳು. ತಲೆಗೆ ಹೆಲ್ಮೆಟ್ಟು, ಕೈಗೆ ಗವಸು. ಊಟದ ಹೊತ್ತು. ನಮ್ಮ ಹುಡುಗಿಯರು ತಟ್ಟೆ ತೊಳೆಯುವುದನ್ನು ಬಿಟ್ಟು ಸುತ್ತ ನೆರೆದರು. ಗೇರು ಎಷ್ಟು, ಬೆಲೆ ಎಷ್ಟು, ಏರಿನಲ್ಲಿ ಇಳಿದು ನೂಕುತ್ತೀರಾ ಎಂದೆಲ್ಲ ವಿಚಾರಣೆಯಾಯಿತು. ಕೆಲವು ಕಡೆ ನೂಕಿದೆ ಎಂದು ಆಕೆ ಒಪ್ಪಿಕೊಂಡಾಗ ಎಲ್ಲರಿಗೂ ಸಮಾಧಾನ. ಆಮೇಲೆ ಒಂಬತ್ತನೇ ತರಗತಿಯವಳೊಬ್ಬಳು ಕೇಳಿದಳು:

“ಅಕ್ಕಾ, ಒಬ್ರೇ ಬಂದ್ರಾ? ಹೆದರಿಕೆ ಆಗಲ್ವಾ?”

“ನಂಗೆ ಹೆದರಿಕೆ ಲಾರಿಗಳದ್ದು. ಇಲ್ಲಿ ಲಾರಿನೇ ಇಲ್ವಲ್ಲ” ಎಂದು ಆಕೆ ನಕ್ಕಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಬಾಟಲಿ ತುಂಬಿಸಿಕೊಂಡು ಹರಿಹರಪುರದ ಕಡೆಗೆ ಹೊರಟಳು. ಕೇಳಿದ ಹುಡುಗಿ ಗೇಟಿನವರೆಗೂ ಹೋಗಿ, ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದಳು. ಗಂಟೆ ಹೊಡೆಸಲು ನಾನು ಐದು ನಿಮಿಷ ತಡ ಮಾಡಿದೆ.